ಮುಂಬಯಿಗೊಂದು ವೀಸಾಯಾತ್ರೆ

ಪುಣ್ಯಾರ್ಜನೆಗಾಗಿ ಯಾತ್ರೆ ಮಾಡುವವರುಂಟು. ವ್ಯಾಪಾರಕ್ಕಾಗಿ ಊರೂರು ತಿರುಗುವವರುಂಟು. ಕೇವಲ ನಾಡು ನೋಡುವ ಆಸೆಯಿಂದ ಹೊರಡುವವರೂ ಉಂಟು. ಆದರೆ ಪರದೇಶದಲ್ಲಿ ನೆಲೆಸಲು ಅನುಮತಿ ಬೇಡುವುದಕ್ಕಾಗಿ ಸ್ವದೇಶದ ಮತ್ತೊಂದು ಪಟ್ಟಣಕ್ಕೆ ಹೋಗುವ ಯಾತ್ರೆಯೊಂದು ನಮ್ಮ ಕಾಲದಲ್ಲಿ ಬಳಕೆಗೆ ಬಂದಿದೆ. ಇದರಲ್ಲಿ ಪುಣ್ಯವಿಲ್ಲ, ಲಾಭವೂ ನಿಶ್ಚಿತವಲ್ಲ. ಆದರೂ ನಮ್ಮ ಸೀಮೆಯ ಎಷ್ಟೋ ಮನೆಗಳವರು ಕಾಗದಪತ್ರಗಳ ಗಂಟನ್ನು ಎದೆಗವಚಿಕೊಂಡು ಈ ಯಾತ್ರೆಯನ್ನು ಮಾಡುತ್ತಿರುವರು. 2025ನೆಯ ಇಸವಿಯ ಶ್ರಾವಣಮಾಸದಲ್ಲಿ ಅಂಥದೊಂದು ಯಾತ್ರೆಯಲ್ಲಿ ಜೊತೆಗಾರನಾಗಿ ಹೋಗುವ ಪ್ರಸಂಗ ನನಗೆ ಒದಗಿತು. ಗೃಹಸ್ಥರಾದ ವಾಚಕರಿಗೆ ಪ್ರಯೋಜನವಾದೀತೆಂದು ಅದರ ವೃತ್ತಾಂತವನ್ನು ಇಲ್ಲಿ ಬರೆದಿರುವೆನು.

ಹೊರಟವರು ನಾಲ್ವರು: ನನ್ನ ತಂಗಿ, ಆಕೆಯ ಯಜಮಾನರು, ಅವರ ಮಗ, ಮತ್ತು ಕಾಗದಗಳ ಚೀಲವನ್ನು ಹೊತ್ತ ನಾನು. ಧಾರವಾಡದ ನಿಲ್ದಾಣಕ್ಕೆ ನಮ್ಮನ್ನು ಕಳುಹಿಸಲು ತಂಗಿಯ ಹಿರಿಯ ಮಗಳು ಬಂದಿದ್ದಳು. ಬುತ್ತಿಯ ಗಂಟನ್ನು ತಾಯಿಯ ಕೈಗಿತ್ತು, ತಮ್ಮನ ಅಂಗಿಯ ಕಾಲರನ್ನು ಸರಿಪಡಿಸಿ, ಗಾಡಿ ಕದಲುವವರೆಗೂ ಕಿಟಕಿಯ ಬಳಿ ನಿಂತಿದ್ದಳು. ನಮ್ಮೊಡನೆ ಬರುವ ಮನಸ್ಸು ಆಕೆಗಿರಲಿಲ್ಲವೆಂದಲ್ಲ. ಕರೆಯೋಲೆಯಲ್ಲಿ ಆಕೆಯ ಹೆಸರಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು.

ಅಳ್ನಾವರ, ಲೋಂಡಾಗಳ ಅಡವಿಯನ್ನು ಗಾಡಿ ದಾಟುವಾಗ ಜಡಿಮಳೆ. ಬೆಳಗಾವಿಯಲ್ಲಿ ಬುತ್ತಿ ಬಿಚ್ಚಿದೆವು: ಚಪಾತಿ, ಬದನೆಯ ಪಲ್ಯ, ಶೇಂಗಾದ ಹಿಂಡಿ, ಮೊಸರನ್ನ. ಮಿರಜ ಕಳೆದ ಮೇಲೆ ಎಲ್ಲರೂ ಮಲಗಿದರು, ತಂಗಿಯೊಬ್ಬಳೇ ಎಚ್ಚರವಾಗಿದ್ದಳು. ಪುಣೆಯನ್ನು ದಾಟಿ ಬೋರಘಾಟನ್ನು ಇಳಿಯುವಾಗ ಇನ್ನೂ ಕತ್ತಲೆ. 1863ರಲ್ಲಿ ತೆರೆದ ಈ ಘಟ್ಟದ ಹಾದಿಯಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ, ಒಂದೊಂದು ಸುರಂಗವನ್ನು ದಾಟಿದಾಗಲೂ ಝರಿಗಳ ಭೋರ್ಗರೆತ ಕಿವಿಗೆ ಬೀಳುತ್ತಿತ್ತು. ಬೆಳಗಾಗುವ ಹೊತ್ತಿಗೆ ದಾದರದಲ್ಲಿ ಇಳಿದೆವು.

ನಮ್ಮ ಹಿರಿಯರಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ. 1956ನೆಯ ನವೆಂಬರ 1ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಸರಕಾರದ ಆಡಳಿತಕ್ಕೇ ಸೇರಿದ್ದವು. ವ್ಯಾಜ್ಯವಿದ್ದವರು, ಓದಬೇಕಾದವರು, ಹೊಟ್ಟೆಪಾಡಿಲ್ಲದವರು ಎಲ್ಲರೂ ಇತ್ತ ಮುಖಮಾಡುತ್ತಿದ್ದರು. ಉಡುಪಿಯ ಕಡೆಯಿಂದ ಎಳೆಯ ಹುಡುಗರು ಬಂದು ಖಾನಾವಳಿಗಳಲ್ಲಿ ಪಾತ್ರೆ ತೊಳೆದು, ರಾತ್ರಿಶಾಲೆಗಳಲ್ಲಿ ಓದಿ, ಕಾಲಾಂತರದಲ್ಲಿ ತಾವೇ ಯಜಮಾನರಾದ ಉದಾಹರಣೆಗಳು ಅನೇಕವಿವೆ. ನಾವು ಇಳಿದುಕೊಂಡ ಮಾಟುಂಗಾದಲ್ಲಿ ಎ. ರಾಮನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿಯ ಭೋಜನಶಾಲೆ ಇಂದಿಗೂ ಬಾಳೆಯೆಲೆಯಲ್ಲಿ ಊಟ ಬಡಿಸುತ್ತಿದೆ. ಆ ಹುಡುಗರನ್ನು ಯಾರೂ ಸಂದರ್ಶಿಸಲಿಲ್ಲ. ಅವರು ಗಾಡಿ ಹತ್ತಿದರು, ಇಳಿದರು, ದುಡಿದರು. ದೂರವು ಹೆಚ್ಚಿದಂತೆ ದ್ವಾರಪಾಲಕರೂ ಹೆಚ್ಚುತ್ತಾರೆ.

ಇನ್ನು ನಮ್ಮ ಕಾರ್ಯದ ಪೂರ್ವೋತ್ತರ. ತಂಗಿಯ ಯಜಮಾನರ ಅಣ್ಣನವರು ಬಹುಕಾಲದಿಂದ ಅಮೆರಿಕದಲ್ಲಿದ್ದು ಅಲ್ಲಿಯ ಪೌರರಾದವರು. ಅಮೆರಿಕದ ಪೌರನಾದವನು ತನ್ನ ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದೆಂದು ಆ ದೇಶದ ಕಾನೂನಿದೆ. ಅದರಂತೆ ಅವರು 2006ರ ಆರಂಭದಲ್ಲಿ ತಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದರು. ತಮ್ಮನೊಡನೆ ಅವನ ಹೆಂಡತಿಯೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳೂ ಹೋಗಬಹುದು. ಆಗ ಮಗಳಿಗೆ 8 ವರ್ಷ, ಮಗನಿಗೆ 5. ಇಬ್ಬರೂ ಕನ್ನಡ ಶಾಲೆಗೆ ಹೋಗುತ್ತಿದ್ದರು. 2010ರಲ್ಲಿ ಅರ್ಜಿ ಮಂಜೂರಾಯಿತೆಂದು ಪತ್ರ ಬಂದಿತು. ಮನೆಯಲ್ಲಿ ಸಜ್ಜಿಗೆ ಮಾಡಿ ಹಂಚಿದರು. ಮಂಜೂರಾತಿ ಬೇರೆ, ಸರದಿ ಬೇರೆ ಎಂಬುದು ಆಮೇಲೆ ತಿಳಿಯಿತು.

ಸರದಿಯ ಗಣಿತ ಹೀಗಿದೆ. ಅಮೆರಿಕದ ಪೌರರ ಪತಿಪತ್ನಿಯರಿಗೂ, ತಂದೆತಾಯಿಗಳಿಗೂ, 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೂ ಸಂಖ್ಯೆಯ ಮಿತಿಯಿಲ್ಲ. ಅವರಿಗೆ ಕಾಗದಪತ್ರಗಳ ವಿಳಂಬವಷ್ಟೇ. ತಂದೆತಾಯಿಗಳನ್ನು ಕರೆಸಿಕೊಳ್ಳಲು ಮಾತ್ರ ಮಗನಿಗಾಗಲಿ ಮಗಳಿಗಾಗಲಿ 21 ತುಂಬಿರಬೇಕು. ಉಳಿದ ಬಂಧುಗಳಿಗೆ ಮಿತಿಯುಂಟು. 1990ರ ಕಾನೂನಿನ ಪ್ರಕಾರ ಇಡೀ ಜಗತ್ತಿನ ಸೋದರಸೋದರಿಯರಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 65,000 ವೀಸಾಗಳು. ಅವರ ಹೆಂಡಿರು ಮಕ್ಕಳೂ ಅದರೊಳಗೇ ಬರತಕ್ಕವರು. ಮೇಲಾಗಿ, ಮಿತಿಯುಳ್ಳ ವೀಸಾಗಳಲ್ಲಿ ಯಾವುದೊಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಪಾಲು ಹೋಗಕೂಡದು. ದೇಶ ದೊಡ್ಡದಿರಲಿ, ಚಿಕ್ಕದಿರಲಿ, ನಿಯಮ ಒಂದೇ. ಆದುದರಿಂದ ಭಾರತದಂಥ ದೇಶದವರ ಸಾಲು ಉದ್ದವಾಗುತ್ತ ಹೋಗುವುದು. ತಿಂಗಳಿಗೊಮ್ಮೆ ಅಮೆರಿಕದ ಸರಕಾರವು ಪ್ರಕಟನೆ ಹೊರಡಿಸಿ, ಯಾವ ದಿನಾಂಕದವರೆಗಿನ ಅರ್ಜಿಗಳ ಸರದಿ ಬಂದಿದೆಯೆಂದು ತಿಳಿಸುತ್ತದೆ. 2025ರಲ್ಲಿ ಭಾರತದ ಸೋದರವರ್ಗಕ್ಕೆ 2006ರ ಅರ್ಜಿಗಳ ಸರದಿ ನಡೆದಿತ್ತು.

ತಂಗಿಯ ಯಜಮಾನರು ಆ ಪ್ರಕಟನೆಯನ್ನು ಪಂಚಾಂಗದಂತೆ ಓದುತ್ತಿದ್ದರು. ಒಂದು ತಿಂಗಳು ದಿನಾಂಕ ಒಂದು ವಾರ ಮುಂದೆ ಸಾಗುವುದು. ಮರುತಿಂಗಳು ನಿಂತಲ್ಲೇ ನಿಲ್ಲುವುದು. ಕೆಲವೊಮ್ಮೆ ಗ್ರಹಗಳಂತೆ ವಕ್ರಗತಿಯನ್ನು ಹಿಡಿದು ಹಿಂದಕ್ಕೂ ಸರಿಯುವುದು. ಶ್ರೀರಾಮನ ವನವಾಸ 14 ವರ್ಷ. ಪಾಂಡವರದು ಅಜ್ಞಾತವಾಸವೂ ಸೇರಿ 13. ಇವರು ಕಾಯ್ದದ್ದು 19 ವರ್ಷ. ವನವಾಸಿಗಳಿಗೆ ತಮ್ಮ ಅವಧಿ ಎಂದು ಮುಗಿಯುವುದೆಂದಾದರೂ ಗೊತ್ತಿತ್ತು. ಮೇಲಾಗಿ ಕಾಯುವಿಕೆಯ ನಡುವೆ ಅರ್ಜಿ ಹಾಕಿದ ಅಣ್ಣ ಗತಿಸಿದರೆ, ಸಾಮಾನ್ಯವಾಗಿ ಅರ್ಜಿಯೂ ಅವನೊಡನೆ ಗತಿಸುತ್ತದೆ. ಹೀಗಾಗಿ ಪ್ರತಿ ಯುಗಾದಿಗೂ ತಂಗಿಯು ಸಮುದ್ರದಾಚೆಯ ಆ ಭಾವನವರ ಆರೋಗ್ಯಕ್ಕಾಗಿ ದೇವರಿಗೆ ವಿಶೇಷವಾಗಿ ಬೇಡಿಕೊಳ್ಳುತ್ತಿದ್ದಳು.

ಈ ಕಾನೂನು ಕ್ರೂರವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಾಗಲಾರದು. 1917ರಲ್ಲಿ ಅಮೆರಿಕವು ನಮ್ಮ ದೇಶವೂ ಸೇರಿದಂತೆ ಏಷ್ಯಾಖಂಡದ ಬಹುಭಾಗದ ಜನರು ಬಂದು ನೆಲೆಸಕೂಡದೆಂದು ಬಾಗಿಲು ಹಾಕಿತು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತಸಿಂಗ ಥಿಂಡ ಎಂಬ ಪಂಜಾಬದ ಗೃಹಸ್ಥನು ಪೌರತ್ವಕ್ಕೆ ಅರ್ಹನಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ತೀರ್ಪಿತ್ತಿತು. 1946ರಲ್ಲಿ ಬಾಗಿಲು ತುಸು ತೆರೆಯಿತು: ವರ್ಷಕ್ಕೆ ಕೇವಲ 100 ಭಾರತೀಯರು! 1965ರ ಕಾನೂನು ಬಂದ ಮೇಲೆ ಜನಾಂಗವನ್ನು ನೋಡುವುದು ತಪ್ಪಿ, ಬಾಂಧವ್ಯವೂ ವಿದ್ಯೆಯೂ ಮುಖ್ಯವಾದವು. ಒಡಹುಟ್ಟಿದವರನ್ನು ಕರೆಸುವ ಹಕ್ಕು ಇಂದಿಗೂ ಉಳಿದಿರುವುದು ಆ ಕಾನೂನಿನಿಂದಲೇ. ಬಾಗಿಲು ದೊಡ್ಡದು, ಆದರೆ ಅದರೆದುರು ನಿಂತವರು ಬಹುಮಂದಿ.

ಇನ್ನು ಆ ಹಿರಿಯ ಮಗಳ ವಿಷಯ. ಹಿರಿಯರು ಸಾಲಿನಲ್ಲಿ ಕಾಯುತ್ತಿರುವಾಗ ಮಕ್ಕಳು ಬೆಳೆಯದೆ ಇರುತ್ತಾರೆಯೆ? ಈ ತೊಡಕನ್ನು ಸ್ವಲ್ಪ ಸಡಿಲಿಸಲು 2002ರಲ್ಲಿ ಆ ದೇಶದಲ್ಲಿ ಇನ್ನೊಂದು ಕಾನೂನು ಬಂದಿತು. ಸರದಿ ಬಂದ ದಿನದಂದು ಮಗುವಿಗಿರುವ ವಯಸ್ಸಿನಿಂದ, ಅರ್ಜಿ ಮಂಜೂರಾಗದೆ ಬಿದ್ದಿದ್ದ ಕಾಲವನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆಯಿದ್ದರೆ ಆ ಮಗು ಇನ್ನೂ ಮಗುವೇ. ನಮ್ಮ ಅರ್ಜಿ ಹಾಗೆ ಬಿದ್ದಿದ್ದದ್ದು 4 ವರ್ಷ 4 ತಿಂಗಳು. 2024ರ ಕೊನೆಗೆ ಸರದಿ ಬಂದಾಗ ಮಗನ ವಯಸ್ಸು 23 ವರ್ಷ 9 ತಿಂಗಳು. ಕಳೆದರೆ 19 ವರ್ಷ 5 ತಿಂಗಳು. ಅವನು ಉತ್ತೀರ್ಣನಾದನು. ಮಗಳಿಗೆ 27 ವರ್ಷ 1 ತಿಂಗಳು. ಕಳೆದರೆ 22 ವರ್ಷ 9 ತಿಂಗಳು. ಲೆಕ್ಕವನ್ನು ನಾನೇ ಮೂರು ಸಲ ಮಾಡಿದೆನು. ಎಷ್ಟೋ ಮಕ್ಕಳಿಗೆ ವ್ಯವಕಲನವನ್ನು ಕಲಿಸಿದ ನನಗೆ ಒಂದು ವ್ಯವಕಲನವು ಇಷ್ಟು ಕಹಿಯಾಗಬಹುದೆಂದು ಅಂದಿನವರೆಗೆ ತಿಳಿದಿರಲಿಲ್ಲ.

ಆಕೆಗೆ ಬೇರೆ ದಾರಿಯಿಲ್ಲವೆ? ಇದೆ. ತಾಯಿಯೋ ತಂದೆಯೋ ಅಮೆರಿಕಕ್ಕೆ ಹೋಗಿ ಖಾಯಂ ನಿವಾಸಿಗಳಾದ ಮೇಲೆ ಆಕೆಗಾಗಿ ಹೊಸ ಅರ್ಜಿ ಹಾಕಬಹುದು. ಆದರೆ ಹಳೆಯ ಅರ್ಜಿಯ ದಿನಾಂಕವು ಇಂಥ ಮಕ್ಕಳಿಗೆ ದೊರೆಯಲಾರದೆಂಬ ನಿರ್ಣಯವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಎತ್ತಿಹಿಡಿದಿದೆ. ಸಾಲಿನ ತುದಿಗೆ ಹೋಗಿ ಮೊದಲಿನಿಂದ ನಿಲ್ಲಬೇಕು. ಆ ವರ್ಗದಲ್ಲಿ 2025ರಲ್ಲಿ 2016ರ ಅರ್ಜಿಗಳ ಸರದಿ ನಡೆದಿತ್ತು, ಅಂದರೆ ಸುಮಾರು 9 ವರ್ಷಗಳ ದಾರಿ. ಅಷ್ಟೂ ಕಾಲ ಆಕೆ ಅವಿವಾಹಿತಳಾಗಿಯೇ ಇರಬೇಕು. ಅರ್ಜಿ ಹಾಕಿದ ತಂದೆತಾಯಿ ಪೌರರಾಗುವ ಮೊದಲು ಆಕೆ ಮದುವೆಯಾದರೆ ಅರ್ಜಿ ಬಿದ್ದುಹೋಗುವುದು. 28ಕ್ಕೆ ಕಾಲಿಡುತ್ತಿರುವ ಹೆಣ್ಣುಮಗಳಿಗೆ 37ರವರೆಗೆ ಕಾದಿರೆಂದು ಯಾವ ತಾಯಿ ಹೇಳಾಳು? ಬೇಡ, ನಿನ್ನನ್ನು ಬಿಟ್ಟೇ ಹೋಗುವೆನೆಂದು ತಾನೆ ಹೇಗೆ ಹೇಳಾಳು? ಗಾಡಿಯಲ್ಲಿ ತಂಗಿ ನಿದ್ರೆಯಿಲ್ಲದೆ ಕುಳಿತದ್ದು ಈ ಎರಡು ಪ್ರಶ್ನೆಗಳ ನಡುವೆ.

ಕಾಗದಪತ್ರಗಳ ಪರ್ವವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು, ಏಕೆಂದರೆ ಅದು ಎಲ್ಲ ಗೃಹಸ್ಥರಿಗೂ ಸಂಬಂಧಪಟ್ಟದ್ದು. ಜನನ ಮರಣಗಳನ್ನು ದಾಖಲಿಸುವ ನಮ್ಮ ಈಗಿನ ಕಾನೂನು 1969ರದು. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದವರಿಗೆ ಜಾತಕವುಂಟು, ಜನನಪತ್ರವಿಲ್ಲ. ತಂಗಿಯ ಯಜಮಾನರು ಮಲಪ್ರಭೆಯ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದವರು. ಜಾತಕದಂತೆ ಆಶ್ವಯುಜಮಾಸದವರು, ಶಾಲೆಯ ದಾಖಲೆಯಂತೆ ಜೂನ 1ರವರು. ನಮ್ಮ ನಾಡಿನಲ್ಲಿ ಜೂನ 1ರಂದು ಹುಟ್ಟಿದವರು ಎಷ್ಟು ಜನ! ಶಾಲೆಗೆ ಸೇರಿಸುವ ದಿನ ತಂದೆಗೆ ತಿಥಿ ನೆನಪಾಗದಿದ್ದರೆ, ಮಾಸ್ತರರು ಆ ದಿನಾಂಕವನ್ನು ಬರೆದುಕೊಳ್ಳುವುದು ರೂಢಿಯಾಗಿತ್ತು. ಪಾಸಪೋರ್ಟಿಗೂ ಅದೇ ಆಧಾರವಾಯಿತು. ಆದುದರಿಂದ ಜನನದ ದಾಖಲೆ ಲಭ್ಯವಿಲ್ಲವೆಂದು ಸರಕಾರದಿಂದ ಒಂದು ಪ್ರಮಾಣಪತ್ರ, ಹುಟ್ಟನ್ನು ಬಲ್ಲ ಹಿರಿಯರಿಂದ ಶಪಥಪತ್ರಗಳು, ಶಾಲೆಯ ದಾಖಲೆಯ ಪ್ರತಿ, ಇಷ್ಟನ್ನು ಕೂಡಿಸಬೇಕಾಯಿತು. ಆ ಹಳ್ಳಿಯ ಶಾಲೆಗೆ ನಾನೇ ಹೋದೆನು. ಹುಳು ತಿಂದ ದಾಖಲೆ ಪುಸ್ತಕದಲ್ಲಿ, ಯಾರೋ ಹಿಂದಿನ ಮಾಸ್ತರರ ದುಂಡಗಿನ ಅಕ್ಷರಗಳಲ್ಲಿ, ಅವರ ಹೆಸರಿನ ಸಾಲು ಮಾತ್ರ ಅಕ್ಷತವಾಗಿ ಉಳಿದಿತ್ತು. ಆ ಅಜ್ಞಾತ ಸಹೋದ್ಯೋಗಿಗೆ ಮನಸ್ಸಿನಲ್ಲಿಯೇ ಕೈಮುಗಿದೆನು.

ತಂಗಿಯ ತೊಡಕು ಬೇರೆ ತರಹದ್ದು. ನಮ್ಮ ಕಡೆಯ ಪದ್ಧತಿಯಂತೆ ಮದುವೆಯಲ್ಲಿ ವರನು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದು ವಧುವಿಗೆ ಹೊಸ ಹೆಸರಿಡುವುದುಂಟು. ಹುಟ್ಟಿದವಳ ಹೆಸರೊಂದು, ಗೃಹಿಣಿಯ ಹೆಸರೊಂದು. ಇಬ್ಬರೂ ಒಬ್ಬಳೇ ಎಂದು ನಮಗೆ ಸ್ವತಃಸಿದ್ಧ. ಸಮುದ್ರದಾಚೆಯ ಅಧಿಕಾರಿಗೆ ಅದನ್ನು ಸಾಧಿಸಿ ತೋರಿಸಬೇಕು. ಮದುವೆಯನ್ನು ನೋಂದಾಯಿಸಿ ಪಡೆದ ಪತ್ರ, ಶಪಥಪತ್ರ, ಮದುವೆಯ ಹಳೆಯ ಭಾವಚಿತ್ರಗಳು ಎಲ್ಲವೂ ಚೀಲದೊಳಗೆ ಸೇರಿದವು. ಇವಲ್ಲದೆ ಪೊಲೀಸರ ಕಡೆಯಿಂದ ನಡತೆಯ ಪತ್ರ. ಮತ್ತು ಬರುವವರ ಪೋಷಣೆಯ ಹೊಣೆಯನ್ನು ಹೊತ್ತು ಅಮೆರಿಕದ ಬಂಧು ಬರೆದುಕೊಡುವ ಶಪಥಪತ್ರ. ಆತನ ಆದಾಯವು ಅಲ್ಲಿಯ ಸರಕಾರ ಗೊತ್ತುಮಾಡಿದ ಬಡತನದ ಮಟ್ಟಕ್ಕಿಂತ ಶೇಕಡಾ 25ರಷ್ಟಾದರೂ ಹೆಚ್ಚಿರಬೇಕು. ಇವೆಲ್ಲವೂ ಮೊದಲು ನ್ಯೂ ಹ್ಯಾಂಪ್‌ಶೈರ ಪ್ರಾಂತದ ಪೋರ್ಟ್ಸ್‌ಮತ್ ಊರಿನ ವೀಸಾ ಕೇಂದ್ರಕ್ಕೆ ಹೋಗಿ ಪರಿಶೋಧನೆಯಾಗತಕ್ಕವು. ಶುಲ್ಕವು ಪೋಷಣೆಯ ಪತ್ರಕ್ಕೆ 120 ಡಾಲರು, ಒಬ್ಬೊಬ್ಬ ಅರ್ಜಿದಾರನಿಗೆ 325 ಡಾಲರು.

ಅಮೆರಿಕದ ದೂತಾವಾಸದ ಶಾಖೆಯೊಂದು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೆರೆಯಿತಾದರೂ, ಆರಂಭದಲ್ಲಿ ಅಲ್ಲಿ ವೀಸಾ ಕೊಡುವ ಏರ್ಪಾಡು ಇರಲಿಲ್ಲ. ನಮ್ಮವರಿಗೆ ಕರೆ ಬಂದದ್ದು ಮುಂಬಯಿಗೇ. ಮೊದಲ ದಿನಗಳು ವೈದ್ಯಪರೀಕ್ಷೆಗೂ ಬೆರಳಚ್ಚಿಗೂ ಸಂದವು. ನಿಯಮಿತ ವೈದ್ಯರು ಎದೆಯ ಕ್ಷಕಿರಣಚಿತ್ರ ತೆಗೆದು, ರಕ್ತ ಪರೀಕ್ಷಿಸಿ, ಬೇಕಾದ ಲಸಿಕೆಗಳನ್ನು ಚುಚ್ಚಿದರು. ಬೆರಳಚ್ಚಿನ ಯಂತ್ರಕ್ಕೆ ತಂಗಿಯ ಬೆರಳುಗಳು ಸುಲಭವಾಗಿ ಹಿಡಿಸಲಿಲ್ಲ. ಮೂವತ್ತು ವರ್ಷ ಪಾತ್ರೆ ತಿಕ್ಕಿ ರೇಖೆಗಳು ಸವೆದಿದ್ದವು. ನಾಲ್ಕನೆಯ ಸಲಕ್ಕೆ ಯಂತ್ರ ಒಪ್ಪಿತು.

ಸಂದರ್ಶನದ ದಿನ ನಸುಕಿನಲ್ಲೇ ಎದ್ದು ಸ್ನಾನಸಂಧ್ಯೆಗಳನ್ನು ಮುಗಿಸಿ ದಾದರದಿಂದ ಭೂಗತ ಮೆಟ್ರೋ ಗಾಡಿ ಹಿಡಿದೆವು. ಈ ಮಾರ್ಗವು ಧಾರಾವಿಯನ್ನು ಕಳೆದು ಮೀಠೀ ನದಿಯ ಅಡಿಯಲ್ಲಿ ಹಾಯ್ದು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಮುಟ್ಟುತ್ತದೆ. ನದಿಯ ಹೆಸರೇನೋ ಸಿಹಿ. ಆದರೆ 2005ನೆಯ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿನ 944 ಮಿಲಿಮೀಟರ ಮಳೆ ಸುರಿದಾಗ ಇದೇ ನದಿ ಉಕ್ಕಿ ನಗರವನ್ನು ಮುಳುಗಿಸಿತ್ತು. ಅದರ ದಂಡೆಯ ಜವುಗುನೆಲದ ಮೇಲೆ ಇಂದು ಗಾಜಿನ ಸೌಧಗಳು ಎದ್ದಿವೆ: ವಜ್ರದ ವ್ಯಾಪಾರಿಗಳ ಪೇಟೆ, ಶೇರು ವ್ಯವಹಾರದ ಭವನ, ಬ್ಯಾಂಕುಗಳು. ಮೊದಲು ಸಮುದ್ರದ ಬದಿಯಲ್ಲಿ ವಾಂಕಾನೇರದ ಮಹಾರಾಜರ ಹಳೆಯ ಅರಮನೆಯಲ್ಲಿದ್ದ ಅಮೆರಿಕದ ಕಚೇರಿಯು 2011ರಲ್ಲಿ ಇಲ್ಲಿಗೆ ಬಂದಿತು.

ಒಳಗೆ ಹೋಗಲು ಅರ್ಜಿದಾರರಿಗೆ ಮಾತ್ರ ಅಪ್ಪಣೆ. ಕೈಫೋನು, ದೊಡ್ಡ ಚೀಲ ಇವನ್ನೆಲ್ಲ ಹೊರಗೇ ಬಿಡಬೇಕು. ಮೂವರೂ ಕಾಗದಗಳೊಡನೆ ಸಾಲಿನಲ್ಲಿ ಕರಗಿಹೋದ ಮೇಲೆ ನಾನು ಎದುರಿನ ಕಾಲುದಾರಿಯಲ್ಲಿ ಛತ್ರಿ ಬಿಡಿಸಿ ನಿಂತೆನು. ವಾಸ್ತವವಾಗಿ ಆ ಕಾಲುದಾರಿಯೇ ನೋಡತಕ್ಕ ಸ್ಥಳ. ಕಟ್ಟಡದೊಳಗಿರುವುದು ಕಾನೂನು, ಸಂಸಾರವೆಲ್ಲ ಹೊರಗಡೆ ನಿಂತಿರುತ್ತದೆ. ಗುಜರಾತದ ಮುದುಕಿಯೊಬ್ಬಳು ಜಪಮಾಲೆಯನ್ನು ಎಣಿಸುತ್ತಿದ್ದಳು. ಒಳಗಿದ್ದವರು ಆಕೆಯ ಸೊಸೆ ಮತ್ತು ಮೊಮ್ಮಗು. ಪಂಜಾಬದ ರೈತನೊಬ್ಬನು ಮಗನು ಬಿಟ್ಟುಹೋದ ಕೈಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದನು. ಚಹದವನು ಮಾತ್ರ ನಿಶ್ಚಿಂತನು. ಹೊರಗೆ ಬರುವವರ ನಡಿಗೆಯನ್ನು ಕಂಡೇ ಫಲವನ್ನು ಹೇಳಬಲ್ಲೆನೆಂದು ಅವನು ಹಿಂದಿಯಲ್ಲಿ ಕೊಚ್ಚಿಕೊಂಡನು. ಬೇಗಬೇಗ ನಡೆಯುವವರು ಗೆದ್ದವರಂತೆ. ಕೈಯ ಕಾಗದವನ್ನು ಓದುತ್ತ ನಿಧಾನವಾಗಿ ಬರುವವರಿಗೆ ಇನ್ನೇನೋ ದಾಖಲೆ ಬೇಕೆಂದು ಹೇಳಿರುತ್ತಾರಂತೆ.

ನಮ್ಮವರು ಬಂದಾಗ ಮಧ್ಯಾಹ್ನ ಸಮೀಪಿಸಿತ್ತು. ತಂದೆಮಗ ಬೇಗಬೇಗನೆ ಬಂದರು; ತಂಗಿ ನಿಧಾನವಾಗಿ ಬಂದಳು; ಚಹದವನ ಶಾಸ್ತ್ರ ಅಲ್ಲಿಗೆ ಕುಂಠಿತವಾಯಿತು. ಪಾಸಪೋರ್ಟುಗಳನ್ನು ಒಳಗೆ ಇಟ್ಟುಕೊಂಡಿದ್ದರು, ಅಂದರೆ ವೀಸಾ ಮಂಜೂರು. ನಡೆದುದನ್ನು ಯಜಮಾನರು ಹೇಳಿದರು. ಬಲಗೈಯೆತ್ತಿ ಸತ್ಯವನ್ನೇ ಹೇಳುವೆವೆಂದು ಪ್ರಮಾಣ ಮಾಡಿಸಿ, ಅಣ್ಣನ ಊರು, ಉದ್ಯೋಗ, ತಂದೆತಾಯಿಗಳ ಹೆಸರು ಇವನ್ನು ಕೇಳಿದರಂತೆ. ಆಮೇಲೆ ಅಧಿಕಾರಿಣಿಯು ತಂಗಿಯ ಕಡೆಗೆ ತಿರುಗಿ, ನಿಮಗೆ ಮಕ್ಕಳೆಷ್ಟು ಎಂದು ಹಿಂದಿಯಲ್ಲಿ ಕೇಳಿದಳಂತೆ. "ಇಬ್ಬರು. ಒಬ್ಬಳು ಮನೆಯಾಗಿದ್ದಾಳ" ಎಂದು ತಂಗಿ ಕನ್ನಡದಲ್ಲೇ ಹೇಳಿಬಿಟ್ಟಳು. ಮಗನು ಅದನ್ನು ತಿಳಿಸಿದ ಮೇಲೆ ಆಕೆ ಒಂದು ಕ್ಷಣ ಸುಮ್ಮನಿದ್ದು, ಅಲ್ಲಿಗೆ ಹೋದ ಮೇಲೆ ಮಗಳಿಗಾಗಿ ನೀವು ಅರ್ಜಿ ಹಾಕಬಹುದು ಎಂದು ಮೃದುವಾಗಿಯೇ ನುಡಿದಳಂತೆ. 19 ವರ್ಷ ಕಾಯ್ದ ಸಂದರ್ಶನವು ಹತ್ತು ನಿಮಿಷಗಳಲ್ಲಿ ಮುಗಿದಿತ್ತು.

ಮಾಟುಂಗಾದ ಭೋಜನಶಾಲೆಯಲ್ಲಿ ಎಲೆಯ ಮುಂದೆ ಕುಳಿತಾಗ ತಂಗಿ ಅನ್ನವನ್ನು ಮುಟ್ಟಲಿಲ್ಲ. "ಅಣ್ಣಾ, ನಾ ಹೋಗೂದಿಲ್ಲ. ಇವರಿಬ್ಬರೂ ಹೋಗಲಿ" ಎಂದಳು. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟವಳು ಧಾರವಾಡದಲ್ಲಿದ್ದ ಆ ಮಗಳೇ. ಊರಿಗೆ ಮರಳಿದ ರಾತ್ರಿ ಆಕೆ ನನ್ನೆದುರಿಗೆ ತಾಯಿಗೆ ಹೇಳಿದ ಮಾತು ಇದು: "ಅವ್ವಾ, ನನ್ನ ಸಲುವಾಗಿ ನೀ ನಿಲ್ಲಬ್ಯಾಡ. ನೀ ಹೋಗಿ ನನಗ ಅರ್ಜಿ ಹಾಕೂದೂ ಬ್ಯಾಡ. ಎಂಟು ವರ್ಷದವಳಿದ್ದಾಗಿಂದ ನಾ ಆ ಸಾಲಿನಾಗ ನಿಂತೇನಿ. ಇನ್ನ ನನಗ ಸಾಕು." ಆಮೇಲೆ ನನ್ನ ಕಡೆ ತಿರುಗಿ, "ಮಾಮಾ, ಆ ಹುಬ್ಬಳ್ಳಿಯವರಿಗೆ ಬರ್ರಿ ಅಂತ ತಿಳಸ್ರಿ" ಎಂದಳು. ಹುಬ್ಬಳ್ಳಿಯ ಆ ಮನೆಯವರು ಎರಡು ವರ್ಷಗಳಿಂದ ಕೇಳುತ್ತಿದ್ದರು. ವೀಸಾದ ನಿರ್ಣಯ ತಿಳಿಯಲೆಂದು ಮಾತನ್ನು ಮುಂದೂಡಿದ್ದರು.

ತುಳಸೀವಿವಾಹ ಕಳೆದ ಮೇಲೆ ಕಾರ್ತಿಕದಲ್ಲಿಯೇ ಮದುವೆ ನೆರವೇರಿತು. ವರನು ಅಕ್ಕಿಯ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡಾಗ ತಂಗಿ ಎದ್ದು ಬಂದು, "ಹೆಸರು ಬದಲು ಮಾಡೂದು ಬ್ಯಾಡ" ಎಂದಳು. ಪುರೋಹಿತರು ಒಪ್ಪಿದರು. ಹುಡುಗನು ಇದ್ದ ಹೆಸರನ್ನೇ ಬರೆದನು. ಇಂಥ ವೀಸಾಕ್ಕೆ ಹೆಚ್ಚೆಂದರೆ ಆರು ತಿಂಗಳ ಆಯುಷ್ಯ; ಅದರೊಳಗೆ ಆ ದೇಶವನ್ನು ಪ್ರವೇಶಿಸಬೇಕು. ಮಾರ್ಗಶಿರದಲ್ಲಿ ತಂಗಿಯೂ ಯಜಮಾನರೂ ಮಗನೂ ಹೊರಟುಹೋದರು.

ಈ ದಾರಿಯನ್ನು ಹಿಡಿಯುವ ಗೃಹಸ್ಥರಿಗೆ ಎರಡು ಮಾತುಗಳನ್ನು ಹೇಳಿ ಮುಗಿಸುವೆನು. ಮೊದಲನೆಯದು ಸುಲಭ: ಮನೆಯಲ್ಲಿ ಮಗು ಹುಟ್ಟಿದ ಕೂಡಲೆ ಜನನವನ್ನು ನೋಂದಾಯಿಸಿರಿ, ಶಾಲೆ, ಪಾಸಪೋರ್ಟು, ಮದುವೆ ಎಲ್ಲೆಡೆಯೂ ಹೆಸರಿನ ಅಕ್ಷರಗಳು ಒಂದೇ ಆಗಿರಲಿ, ಮದುವೆಯನ್ನು ತಪ್ಪದೆ ದಾಖಲು ಮಾಡಿಸಿರಿ. ಎರಡನೆಯದು ಕಠಿಣ: ಅರ್ಜಿಯು ಸಾಲಿನಲ್ಲಿ ನಿಲ್ಲಲಿ, ಮನೆಯವರು ನಿಲ್ಲುವುದು ಬೇಡ. ಮಕ್ಕಳ ವಿದ್ಯೆ, ಮದುವೆ, ಹೊಲಮನೆಯ ದುರಸ್ತಿ ಇವು ತಮ್ಮ ತಮ್ಮ ಕಾಲದಲ್ಲಿ ನಡೆಯಲಿ. ಸರದಿ ಬಂದರೆ ಆಗ ನೋಡಿಕೊಳ್ಳಬಹುದು. ಬಾರದಿದ್ದರೂ ಬದುಕು ಅಷ್ಟರಲ್ಲಿ ನಡೆದುಬಂದಿರುತ್ತದೆ.